ಮೂರನೆಯ ಸಾಕು

ನಮ್ಮ ಊರಿನಲ್ಲಿ ವಿಶ್ವವಿದ್ಯಾಲಯ ಎಲ್ಲಿ ಮುಗಿಯುತ್ತದೆ, ಕಂಪನಿಗಳು ಎಲ್ಲಿ ಶುರುವಾಗುತ್ತವೆ ಎಂದು ಹೊಸಬರಿಗೆ ತಿಳಿಸಿ ಹೇಳುವುದು ಕಷ್ಟ. ಇಸ್ತ್ರಿ ಅಂಗಡಿಯ ಮಹಡಿಯಲ್ಲಿ ಉಪಗ್ರಹದ ಬಿಡಿಭಾಗ ಮಾಡುತ್ತಾರೆ, ಬೇಕರಿಯ ಹಿಂದೆ ಕೃತಕ ಚರ್ಮ ಬೆಳೆಸುತ್ತಾರೆ. ಕ್ಷೌರಕ್ಕೆ ಕೂತರೂ ಕತ್ತರಿಯವನು, "ನಿಮ್ದು ಯಾವ ಕಂಪನಿ ಸಾರ್?" ಎನ್ನುತ್ತಾನೆ. ನಾನು ವಿಶ್ವವಿದ್ಯಾಲಯದ ಬಸ್ಸು ಓಡಿಸಿ ನಿವೃತ್ತನಾದವನು. "ನಂದು ಓಡೋ ಕಂಪನಿ ಕಣಪ್ಪ" ಎಂದು ಹೇಳಿ ಕತ್ತು ಬಗ್ಗಿಸುತ್ತೇನೆ.

ಅಕ್ಕನ ಮಗಳ ಕಂಪನಿ ಇರುವುದು ಹಳೆಯ ಸಾಬೂನು ಕಾರ್ಖಾನೆಯ ಮೂರನೇ ಮಹಡಿಯಲ್ಲಿ. ಗೋಡೆಗೆ ಇನ್ನೂ ಸಾಬೂನಿನ ವಾಸನೆ. ವಿಶ್ವವಿದ್ಯಾಲಯ ಅದನ್ನು ಕೊಂಡು, ಕೋಣೆ ಕೋಣೆಯಾಗಿ ಹೊಸ ಕಂಪನಿಗಳಿಗೆ ಬಿಟ್ಟುಕೊಟ್ಟಿದೆ. ವರ್ಷ ಕಳೆದ ಮೇಲೆ ಸಮಿತಿಯವರು ಬಂದು ಕೆಲಸ ನೋಡುತ್ತಾರೆ. ಮೆಚ್ಚಿದರೆ ಕೋಣೆ ಉಳಿಯುತ್ತದೆ, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಮೊನ್ನೆ ಅವಳ ಸರದಿ ಬಂದಿತ್ತು.

ಪಕ್ಕದ ಕೋಣೆಯ ಡ್ರೋನಿನವರಿಗೆ ಜಾಗ ಸಾಲದು, ಇವಳ ಕೋಣೆಯ ಮೇಲೆ ಕಣ್ಣು. ಇಬ್ಬರು ಬೆಳಿಗ್ಗೆಯೇ ಅಳತೆಯ ಟೇಪು ಹಿಡಿದು ಬಾಗಿಲಲ್ಲಿ ಪ್ರತ್ಯಕ್ಷರಾಗಿದ್ದರು.

"ಏನಿಲ್ಲಮ್ಮ, ಸುಮ್ನೆ ಅಳ್ಕೊಂಡು ಹೋಗ್ತೀವಿ."

"ಅಳ್ಕೊಂಡೇ ಹೋಗ್ತೀರ. ಕರ್ಚೀಫ್ ತಂದಿದ್ದೀರ ತಾನೆ?" ಎಂದಳು, ಮಗಳಿಗೆ ಜೊತೆಯಾಗಿ ಬಂದಿದ್ದ ಅಕ್ಕ.

ಅಕ್ಕನ ಮಗಳು ಮಾಡಿದ್ದು ಒಂದು ಯಂತ್ರದ ತೋಳು. ತುದಿಗೆ ಸೌಟು, ಮೇಲೊಂದು ಗಾಜಿನ ಕಣ್ಣು. ಕೈ ನಡುಗುವ ರೋಗಿಗಳಿಗೆ ಅದು ಬಡಿಸಬೇಕು, "ಸಾಕು" ಅಂದಾಗ ನಿಲ್ಲಿಸಬೇಕು, ಅಷ್ಟೇ. ನಾನು ಅದಕ್ಕೆ ಸೌಟಪ್ಪ ಎಂದು ಹೆಸರಿಟ್ಟಿದ್ದೆ. ಮನುಷ್ಯರು ಬಡಿಸುವುದು, ಉಣ್ಣುವುದು ಹೇಗೆಂದು ಅದಕ್ಕೆ ಕಲಿಸಲು ಅವಳು ಇಡೀ ವರ್ಷ ಅಕ್ಕನ ಊಟದ ಮೇಜಿನ ಮೇಲೆ ಕ್ಯಾಮೆರಾ ಇಟ್ಟಿದ್ದಳು. ಅದರ ಕೈಯ ಬೀಸೂ ಅಕ್ಕನದೇ, ಮಾತಾಡುವ ದನಿಯೂ ಅಕ್ಕನದೇ. ಪರೀಕ್ಷೆಗೆ ರೋಗಿಯಾಗಿ ಕೂರುತ್ತಿದ್ದವನು ನಾನು. ಒಂದು ದಿನವೂ ತಪ್ಪಿರಲಿಲ್ಲ, ಚಿನ್ನದಂಥ ಯಂತ್ರ.

ಸಮಿತಿ ಬಂತು. ಮುಂದೆ ಆಸ್ಪತ್ರೆ ನಡೆಸುವ ಡಾಕ್ಟರಮ್ಮ. ನಗು ಎಂಬುದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದಂಥ ಮುಖ. ಹಿಂದೆ ದಪ್ಪ ಕನ್ನಡಕದ ಒಬ್ಬ ಪ್ರೊಫೆಸರು. ನಾನು ಟವೆಲು ಕಟ್ಟಿಕೊಂಡು ಕುರ್ಚಿಗೆ ಹೊರಟೆ.

"ನೀವು ಯಾರು?"

"ರೋಗಿ. ಅಂದ್ರೆ, ಇವಳ ಮಾಮ."

"ಮಾಮ ಬೇಡ. ನಾನೇ ಕೂರ್ತೀನಿ."

ಸೌಟಪ್ಪ ಪಾತ್ರೆಯಿಂದ ಬೆಚ್ಚನೆಯ ಸೂಪು ಎತ್ತಿ, ಒಂದು ಹನಿಯೂ ಚೆಲ್ಲದೆ ಬಟ್ಟಲಿಗೆ ಬಿಟ್ಟ. ಅಕ್ಕನ ಮಗಳು ಉಸಿರು ಬಿಟ್ಟಳು.

"ಸಾಕು" ಎಂದರು ಡಾಕ್ಟರಮ್ಮ.

"ಅಯ್ಯೋ, ಇಷ್ಟೇನಾ? ಏನ್ ತಿಂದ್ರಿ ನೀವು!" ಸೌಟಪ್ಪ ಅಕ್ಕನ ದನಿಯಲ್ಲಿ ಅಂದು ಇನ್ನೊಂದು ಸೌಟು ಬಿಟ್ಟ.

"ಸಾಕು ಅಂದೆ."

"ನಮ್ಮನೇಲಿ ಸಂಕೋಚ ಎಲ್ಲಾ ಇಟ್ಕೋಬಾರದು!" ಮತ್ತೊಂದು ಸೌಟು. ಸೂಪು ಬಟ್ಟಲಿನ ಅಂಚಿಗೆ ಬಂತು.

ಅಕ್ಕನ ಮಗಳು ನನ್ನ ತೋಳು ಚಿವುಟಿದಳು. ಮುಖ ಸುಣ್ಣ. "ಮಾಮ, ನಮ್ಮನೇಲಿ ಯಾರಾದ್ರೂ ಒಂದೇ ಸಲ ಸಾಕು ಅಂದು ಬಿಡಿಸ್ಕೊಂಡಿದ್ದಾರಾ?"

ಯಾರೂ ಇಲ್ಲ! ಅಕ್ಕನ ಮುಂದೆ ಮೊದಲನೆಯ ಸಾಕು ಮರ್ಯಾದೆಗೆ, ಎರಡನೆಯದು ಮಾತಿಗೆ. ಮೂರನೆಯದನ್ನು ಹೇಳುತ್ತ ಬಟ್ಟಲಿಗೆ ಕೈ ಅಡ್ಡ ಇಟ್ಟರೆ ಮಾತ್ರ ಬಿಡುಗಡೆ. ಇಡೀ ವರ್ಷ ಸೌಟಪ್ಪ ಕಲಿತದ್ದು ಅದನ್ನೇ. ಪರೀಕ್ಷೆಗೆ ಕೂತ ನಾನೂ ಅಕ್ಕನ ಕೈಯಲ್ಲಿ ಉಂಡು ಬೆಳೆದ ತಮ್ಮ. ನನಗೆ ಅದರಲ್ಲಿ ತಪ್ಪು ಕಾಣುವುದಾದರೂ ಹೇಗೆ?

ಸೌಟಪ್ಪ ಸುರಿಯುತ್ತಲೇ ಇದ್ದ, ಸೂಪು ಮೇಜಿಗೆ ಹರಿಯಿತು. ಪ್ರೊಫೆಸರು ಕಾಗದಪತ್ರ ಎತ್ತಿಕೊಂಡು ಕುರ್ಚಿ ಹತ್ತಿದರು. ಅಕ್ಕನ ಮಗಳು ನಿಲ್ಲಿಸುವ ಗುಂಡಿ ಹುಡುಕಿದಳು, ಗುಂಡಿ ಸೂಪಿನೊಳಗೆ ಮುಳುಗಿತ್ತು.

"ಅಮ್ಮಾ, ಕೈ ಅಡ್ಡ ಇಡಿ! ಅಡ್ಡ ಇಟ್ಟು ಸಾಕು ಅನ್ನಿ!" ನಾನು ಕೂಗಿಕೊಂಡೆ.

ಡಾಕ್ಟರಮ್ಮ ಬಟ್ಟಲ ಮೇಲೆ ಎರಡೂ ಕೈ ಹರಡಿ, "ಸಾಕು!" ಎಂದು ಅರಚಿದರು.

ಸೌಟಪ್ಪ ಥಟ್ಟನೆ ನಿಂತ. "ಹೋಗ್ಲಿ ಬಿಡಿ. ಡಬ್ಬಿಗೆ ಹಾಕ್ಕೊಡ್ತೀನಿ."

ಬಾಗಿಲಲ್ಲಿ ಟೇಪು ಸರಕ್ ಎಂದು ಬಿಚ್ಚಿಕೊಂಡಿತು.

"ನಾನೇನು ಹಾಗೆ ಬಲವಂತ ಮಾಡ್ತೀನಾ?" ಎಂದಳು ಅಕ್ಕ.

"ಇಲ್ಲ, ಇಲ್ಲ, ಇಲ್ಲ" ಎಂದೆವು ನಾವಿಬ್ಬರೂ. ಮೂರು ಸಲ, ಅಭ್ಯಾಸ ನೋಡಿ.

ಪ್ರೊಫೆಸರು ಕುರ್ಚಿಯ ಮೇಲಿನಿಂದಲೇ, "ಕೈ ನಡುಗೋರು ಬಿಸಿ ಸೂಪಿಗೆ ಕೈ ಅಡ್ಡ ಇಡ್ಬೇಕಾ? ಇದು ನಡೆಯೋ ಮಾತಲ್ಲಮ್ಮ" ಎಂದರು. ಮಾತು ನ್ಯಾಯವೇ. ಅಕ್ಕನ ಮಗಳು ತಲೆ ತಗ್ಗಿಸಿ ಬಟ್ಟೆ ತಂದು ಮೇಜು ಒರೆಸತೊಡಗಿದಳು.

ಸುರ್ ಎಂಬ ಸದ್ದು. ತಿರುಗಿ ನೋಡಿದರೆ ಡಾಕ್ಟರಮ್ಮ ಬಟ್ಟಲೆತ್ತಿ ಸೂಪು ಕುಡಿಯುತ್ತಿದ್ದರು. ತೊಟ್ಟೂ ಬಿಡದೆ ಕುಡಿದು ಬಾಯಿ ಒರೆಸಿಕೊಂಡರು.

"ನನ್ನ ಮೊದಲನೇ ಸಾಕು ಸುಳ್ಳು" ಎಂದರು. "ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ. ಎಲ್ಲರೂ ನೋಡ್ತಿದ್ರು, ಅದಕ್ಕೆ ಸಾಕು ಅಂದೆ. ವಾರ್ಡಲ್ಲೂ ಇದೇ ಗೋಳು. ನರ್ಸಿಗೆ ತೊಂದರೆ ಕೊಡಬಾರದು ಅಂತ ರೋಗಿಗಳು ಎರಡು ಗುಟುಕಿಗೇ ಸಾಕು ಅಂತಾರೆ, ಊಟ ಹಾಗೇ ವಾಪಸ್. ಮೊದಲನೇ ಸಾಕನ್ನ ನಂಬದ ಯಂತ್ರ ನಾನು ಇವತ್ತೇ ನೋಡಿದ್ದು."

ಅವಳ ಕೈಯ ಬಟ್ಟೆ ಅಲ್ಲೇ ನಿಂತಿತು.

"ಹಿಗ್ಗಬೇಡ. ಎರಡನೇದು ನಿಜವಾಗ್ಲೂ ಸಾಕು. ಮೊದಲನೇದಕ್ಕೆ ಇನ್ನೊಂದು ಸ್ವಲ್ಪ ಬೇಕಾ ಅಂತ ಬಾಯಲ್ಲಿ ಕೇಳಲಿ, ಸುರಿಯಬಾರದು. ಎರಡನೇದಕ್ಕೆ ಬಾಯಿ ಮುಚ್ಚಲಿ. ಆರು ತಿಂಗಳು ಕೋಣೆ ನಿನ್ನದೇ. ಆಮೇಲೆ ನನ್ನ ವಾರ್ಡಿಗೆ ತಗೊಂಡು ಬಾ."

ಪ್ರೊಫೆಸರು ಕುರ್ಚಿಯಿಂದ ಇಳಿದು ತಲೆಯಾಡಿಸಿದರು. ಅವಳು ಸೂಪಿನ ಬಟ್ಟೆ ಹಿಡಿದೇ ನನ್ನನ್ನು ತಬ್ಬಿಕೊಂಡಳು, ನನ್ನ ಒಳ್ಳೆಯ ಅಂಗಿ ಅಲ್ಲಿಗೆ ಮುಗಿಯಿತು. ಅಕ್ಕ ಮಾತ್ರ, "ನನ್ನ ದನಿ ಇದಕ್ಕಿಂತ ಮೆತ್ತಗಿದೆಯಪ್ಪ" ಎಂದು ಗೊಣಗುತ್ತಿದ್ದಳು.

ಡ್ರೋನಿನವರು ಟೇಪು ಸುತ್ತಿಕೊಂಡು ಮೆಲ್ಲಗೆ ಹೊರಟಿದ್ದರು.

"ಎಲ್ಲಿಗೆ? ಬನ್ನಿ, ಸೂಪು ಕುಡ್ಕೊಂಡು ಹೋಗಿ" ಎಂದು ಅಕ್ಕ ಕರೆದಳು.

"ಬೇಡಮ್ಮ, ಸಾಕು..."

ಬಾಯಿ ಜಾರಿತ್ತು. ಬೆನ್ನ ಹಿಂದೆ ಸೌಟಪ್ಪ ಗರ್ ಎಂದು ತೋಳು ಎತ್ತಿದ. "ಅಯ್ಯೋ, ಇಷ್ಟೇನಾ?"