ಕಂಬದಾಗ ಎಷ್ಟು ತೋರಿಸಿದ್ರ ಇಳೀಬಹುದು?

ಸಾಯಗಾಂವದ ಚಂದ್ರಭಾಗಾ ದಿನಾ ಬೆಳಿಗ್ಗೆ ಎಂಟಕ್ಕೆ ಮಾಂಜ್ರಾ ಹೊಳೆಯ ದಂಡೆಯ ಅಳತೆ ಕಂಬ ನೋಡಿ, ನೀರು ಎಷ್ಟಿದೆ ಎಂದು ನೀರಾವರಿ ಕಚೇರಿಗೆ ಫೋನ್ ಮಾಡಬೇಕು. ಎರಡು ವರ್ಷ ಮಳೆ ಕೈಕೊಟ್ಟು ಹೊಳೆ ಬತ್ತಿದ ಮೇಲೆ ಅವಳು ಹೇಳುತ್ತಿದ್ದುದು ಒಂದೇ ಮಾತು: "ಸೊನ್ನಿರಿ." ಊರಿನ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಗಂಡ ಪಂಢರಿಯೂ ಗೌಂಡಿ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋಗಿದ್ದ.

ಆ ಏಪ್ರಿಲಿನಲ್ಲಿ ಬೀದರಿನಿಂದ ಸ್ಕೂಟರಿನ ಮೇಲೆ ಬಂದ ಹೆಂಗಸೊಬ್ಬಳು ಒಣ ಹೊಳೆಗೆ ಇಳಿದು, ಬಂಡೆಗಳ ಫೋಟೋ ತೆಗೆಯತೊಡಗಿದಳು. ಚಂದ್ರಭಾಗಾ ಸುಮ್ಮನಿರಲಾರದೆ ಕೇಳಿದಳು: "ಏನ್ ಹುಡುಕ್ಲತ್ತೀರಿ?"

"ದೋಣಿ ಹಾಯೋ ದಾರಿ ಅಕ್ಕಾ."

ಚಂದ್ರಭಾಗಾ ನಕ್ಕೇಬಿಟ್ಟಳು. ಆ ಹೆಂಗಸೂ ನಕ್ಕಳು. ಹೆಸರು ಆಬೇದಾ, ಬೀದರಿನ ಒಂದು ಶಾಲೆಯಲ್ಲಿ ಆಟದ ಟೀಚರ್. ಒಬ್ಬರೇ ಕೂಡುವ ಸಪೂರ ದೋಣಿಯನ್ನು ಕಲ್ಲುಗಳ ನಡುವೆ ಧುಮುಕುವ ನೀರಿನಲ್ಲಿ ನಡೆಸುವುದನ್ನು ದಾಂಡೇಲಿಯಲ್ಲಿ ಕಲಿತು ಬಂದಿದ್ದಳು.

"ನೀರು ಕಡಿಮಿ ಇದ್ರ ಕಲ್ಲಿಗಿ ಬಡೀತದ. ಜಾಸ್ತಿ ಆದ್ರ ಕಲ್ಲಿನ ಹಿಂದ ಸುಳಿ ಹಿಡೀತದ, ಬಿಡಂಗಿಲ್ಲ. ನಡುವ ಒಂದು ಲೆಕ್ಕ ಇರ್ತದ. ನಿಮ್ಮ ಕಂಬದಾಗ ಎಷ್ಟು ತೋರಿಸಿದ್ರ ಇಳೀಬಹುದು?"

ಎಂಟು ವರ್ಷದಿಂದ ಅಂಕಿ ಹೇಳುತ್ತಿದ್ದ ಚಂದ್ರಭಾಗಾಳಿಗೆ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅಂದು ರೊಟ್ಟಿ ಬಡಿಯುವಾಗಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಮರುವಾರ ಆಬೇದಾ ಬಂದಾಗ ಚಂದ್ರಭಾಗಾ ಪಂಢರಿ ಬಿಟ್ಟುಹೋಗಿದ್ದ ಮಟ್ಟದ ಪೈಪು ಹೊರತೆಗೆದಿದ್ದಳು. ಗೋಡೆ ಕಟ್ಟುವಾಗ ಗೌಂಡಿಗಳು ನೀರು ತುಂಬಿ ಹಿಡಿಯುವ ಪಾರದರ್ಶಕ ಪೈಪು ಅದು; ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಕಂಬದ ಒಂದೂವರೆ ಮೀಟರಿನಿಂದ ಶುರುಮಾಡಿ, ಪೈಪಿನ ನೀರು ತೋರಿಸಿದ ಎತ್ತರಕ್ಕೆ ಹೊಳೆಯ ಹರಿವಿನಲ್ಲಿ ಕಂಬದಿಂದ ಕೆಳಗಿದ್ದ ಬಂಡೆಗಳ ಮೇಲೆಲ್ಲ ಕೆಂಪು ಬಣ್ಣದ ಗೆರೆ ಎಳೆದರು; ಗೆರೆ ಬಂಡೆಗಳ ನೆತ್ತಿಯ ಹತ್ತಿರವೇ ಬಿತ್ತು. ಹೊಳೆ ಅಷ್ಟು ಏರಿದರೆ ಬಂಡೆಗಳು ಹೆಚ್ಚುಕಡಿಮೆ ಮುಳುಗಿ ದೋಣಿ ಸಲೀಸಾಗಿ ಹಾಯುತ್ತದೆ ಎಂದು ಆಬೇದಾ ಖುಷಿಪಟ್ಟಳು.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಚಂದ್ರಭಾಗಾ ಎರಡು ಫೋನ್ ಮಾಡಿದಳು: ಒಂದು ಕಚೇರಿಗೆ, ಇನ್ನೊಂದು ಆಬೇದಾಳಿಗೆ. "ಟೀಚರ್, ಒಂದೂಕಾಲು ಅದ. ಏರ್ಲತ್ತದ!"

ಆಬೇದಾ ಜೀಪಿನ ಮೇಲೆ ದೋಣಿ ಕಟ್ಟಿಕೊಂಡು ಬರುವಷ್ಟರಲ್ಲಿ ಕಂಬ ಒಂದೂವರೆ ತೋರಿಸುತ್ತಿತ್ತು. ಆದರೆ ಕೆಳಗಿನ ಬಂಡೆಗಳು ಇನ್ನೂ ತಲೆ ಎತ್ತಿಕೊಂಡಿದ್ದವು. ಕೆಂಪು ಗೆರೆ ನೀರಿನಿಂದ ಒಂದು ಮೊಳ ಮೇಲಿತ್ತು. ಚಂದ್ರಭಾಗಾ ಕಂಬಕ್ಕೂ ಬಂಡೆಗೂ ನಾಲ್ಕು ಸಲ ತಿರುಗಿದಳು. ಆಮೇಲೆ ಹಣೆ ಬಡಿದುಕೊಂಡಳು.

"ಪೈಪಿನ್ಯಾಗಿಂದು ನಿಂತ ನೀರು ಟೀಚರ್. ಇದು ಇಳಿಜಾರಿನ್ಯಾಗ ಹರಿಯೋ ನೀರು. ಕೆಳಗ ಹೋದಂಗ ತಗ್ಗತದ!"

"ಹಂಗಾದ್ರ ಇನ್ನೊಂದು ಮೊಳ ಏರ್ಲಿ, ಇಳೀತೇನಿ," ಎಂದು ಆಬೇದಾ ತಲೆಗೆ ಟೋಪಿ ಬಿಗಿದಳು.

ಚಂದ್ರಭಾಗಾ ನೀರನ್ನೇ ನೋಡುತ್ತಿದ್ದಳು. ತಲೆಯ ಮೇಲೆ ಬಿಸಿಲಿತ್ತು. ಹೊಳೆಯಲ್ಲಿ ಮಾತ್ರ ಹಸಿ ಎಲೆಯ ಬೇವಿನ ಟೊಂಗೆ ತೇಲಿಬಂತು, ಅದರ ಹಿಂದೆಯೇ ಯಾರದೋ ಕೊಟ್ಟಿಗೆಯ ಛಾವಣಿ.

"ಬ್ಯಾಡ್ರಿ. ಮ್ಯಾಲ ಲಾತೂರ ಕಡಿ ಜೋರ್ ಮಳಿ ಆಗ್ಯದ. ಇದು ಒಂದು ಮೊಳಕ್ಕ ನಿಲ್ಲೋ ನೀರಲ್ಲ."

"ಆರು ತಿಂಗಳು ಕಾದೀನಿ ಅಕ್ಕಾ!"

"ಇನ್ನ ನಾಕು ದಿನ ಕಾಯ್ರಿ."

ಆಬೇದಾ ಮುಖ ಊದಿಸಿಕೊಂಡು ಕುಳಿತಳು. ಮಧ್ಯಾಹ್ನ ಎರಡಕ್ಕೆ ಬಂಡೆಗಳಿದ್ದ ಜಾಗವೇ ಗೊತ್ತಾಗದಂತೆ ಹೊಳೆ ದಡದಿಂದ ದಡಕ್ಕೆ ಕೆಂಪಗೆ ಮೊರೆಯುತ್ತಿತ್ತು. ಆಬೇದಾ ಎದ್ದು ಬಂದು ಚಂದ್ರಭಾಗಾಳ ಕೈ ಹಿಡಿದಳು.

ಐದನೆಯ ದಿನ ನೀರು ಇಳಿಮುಖವಾಗಿ ಎರಡು ಮೀಟರಿಗೆ ಬಂತು. ಬೆಳಗಿನಿಂದ ಇಳಿದದ್ದು ಬರೀ ಎರಡು ಬೆರಳು. ಕಸಕಡ್ಡಿ ತೇಲಿಬರುವುದು ನಿಂತಿತ್ತು. ಬಂಡೆಗಳ ಮೇಲೆ ನೀರು ನಯವಾಗಿ ಮಡಚಿಕೊಂಡು ಜಾರುತ್ತಿತ್ತು. "ಈಗ," ಎಂದಳು ಚಂದ್ರಭಾಗಾ.

ದೋಣಿ ಹೊರಟಿತು. ಚಂದ್ರಭಾಗಾ ಸೀರೆ ಎತ್ತಿ ಕಟ್ಟಿ ದಂಡೆಗುಂಟ ಓಡಿದಳು. ಮೂರನೆಯ ಬಂಡೆಯ ಬಳಿ ದೋಣಿ ಮಗುಚಿತು, ಚಂದ್ರಭಾಗಾ ನೀರಿಗೆ ಕಾಲಿಟ್ಟೇಬಿಟ್ಟಳು. ಅಷ್ಟರಲ್ಲಿ ಆಬೇದಾ ಹುಟ್ಟು ಬೀಸಿ ದೋಣಿಸಮೇತ ಮೇಲೆದ್ದು, ಕೂಗುತ್ತ ಕೆಳಗಿನ ಮಡುವಿಗೆ ಇಳಿದಳು.

ಆಮೇಲೆ ಚಂದ್ರಭಾಗಾಳ ಸರದಿ. ತೇಲುವ ಅಂಗಿ ತೊಟ್ಟು ದೋಣಿಯಲ್ಲಿ ಕುಳಿತಳು. ಆಬೇದಾ ದಡದ ಪಕ್ಕ ಸೊಂಟದುದ್ದದ ನೀರಿನಲ್ಲಿ ನಿಂತು ದೋಣಿಗೆ ಕಟ್ಟಿದ ಹಗ್ಗ ಹಿಡಿದಿದ್ದಳು. ದೋಣಿ ದೊಡ್ಡ ಬಂಡೆಯ ಮರೆಗೆ ಬಂದದ್ದೇ ತಾನಾಗಿ ಹರಿವಿನ ಎದುರಿಗೆ ತಿರುಗಿತು.

"ಟೀಚರ್, ನೀರು ಹಿಂದಕ್ಕ ಯಾಕ ಹೊಂಟದ?"

"ಕಲ್ಲಿನ ಹಿಂದ ಜಾಗ ಖಾಲಿ ಆಗ್ತದಲ್ರಿ, ಅದನ್ನ ತುಂಬ್ಲಿಕ್ಕ ನೀರು ಹೊಳ್ಳಿ ಬರ್ತದ."

ಚಂದ್ರಭಾಗಾ ಕೈ ಅದ್ದಿ ನೋಡಿದಳು. ಹೌದು, ಮಾಂಜ್ರಾ ಅವಳ ಬೆರಳುಗಳನ್ನು ಮೇಲಕ್ಕೇ ನೂಕುತ್ತಿತ್ತು. "ಹಗ್ಗ ಜರಾ ಸಡ್ಲ ಬಿಡ್ರಿ," ಎಂದಳು, "ಆ ಇನ್ನೊಂದು ಕಲ್ಲಿನ ಹಿಂದ ಹ್ಯಾಂಗ ಅದ ನೋಡ್ತೇನಿ."