ಯಾರದು ಈ ಹಾಳೆ?

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೊಳೆಕೋಣೆಯ ಹೆಸರೆತ್ತಿದರೇ ಜನ ಮೂಗು ಮುಚ್ಚುತ್ತಿದ್ದರು. ವಾರ್ಡುಗಳಿಂದ ಬರುವ ಕೀವು, ರಕ್ತ, ಮಲ ಮೆತ್ತಿದ ಹಾಸುಗಳನ್ನು ಬಿಡಿಸಿ ಬೇರೆ ಮಾಡುವ ಕೆಲಸ ಅಲ್ಲಿಯದು. ಬಂದವರು ತಿಂಗಳು ತುಂಬುವುದರೊಳಗೆ ಕಾಲು ಕೀಳುತ್ತಿದ್ದರು. ಎಲ್ಲರೂ ಅಕ್ಕ ಎಂದು ಕರೆಯುವ ಹೆಂಗಸೊಬ್ಬಳು ಮಾತ್ರ ಒಂಬತ್ತು ವರ್ಷದಿಂದ ಅಲ್ಲೇ ಇದ್ದಳು.

ಕೆಲಸಗಾರರನ್ನು ಹಿಡಿದಿಡುವುದು ಯಾವುದು ಎಂದು ತಿಳಿಯಲು ಮ್ಯಾನೇಜರು ಹೊಸ ಕ್ಷೇಮಾಧಿಕಾರಿಯ ಕೈಗೆ ಪ್ರಶ್ನೆಯ ಹಾಳೆಗಳನ್ನು ಕೊಟ್ಟರು. ಹೆಸರು ಬರೆಯುವಂತಿಲ್ಲ. ಬರಹ ಬಾರದವರಿಗೆ ಅವನೇ ಬರೆದುಕೊಟ್ಟ. ಅವನು ಮಿತಭಾಷಿ, ತನ್ನ ಮೌನದ ಬಗ್ಗೆ ಒಳಗೊಳಗೇ ಹೆಮ್ಮೆಯಿದ್ದವನು.

“ಬರ್ಕೊಳಿ ಸಾರ್,” ಅಂದಳು ಅಕ್ಕ. “ನನ್ನ ತಂಗಿಗೆ ಕೈಕಾಲು ಸ್ವಾಧೀನ ಇಲ್ಲ. ನನ್ನ ಕೈತುತ್ತು ಬಿಟ್ಟು ಬೇರೆ ಯಾರು ಕೊಟ್ರೂ ಬಾಯೇ ತೆರೆಯಲ್ಲ. ಮಧ್ಯಾಹ್ನ ಎರಡು ಗಂಟೆಗೇ ಮನೆಗೆ ಬಿಡೋ ಕೆಲಸ ಇನ್ನೆಲ್ಲಿದೆ? ಇಲ್ದಿದ್ರೆ ನನ್ನ ಮೂಗೇನು ಮರದ್ದಾ? ಯಾರಿಗೂ ಗೊತ್ತಾಗಲ್ಲ ತಾನೆ?”

“ಇಲ್ಲ ಅಕ್ಕ.”

ಮಧ್ಯಾಹ್ನ ಮ್ಯಾನೇಜರು ಹಲ್ಲು ಕೆದಕುತ್ತ ಹಾಳೆಗಳನ್ನು ಓದಿದರು. ಕಡ್ಡಿಯ ತುದಿಯಿಂದ ಸಿಡಿದ ಚೂರೊಂದು ಅಕ್ಕನ ಹಾಳೆಯ ಮೇಲೆ ಬಿತ್ತು. ಅದನ್ನು ಹೆಬ್ಬೆರಳಿಂದ ಒರೆಸಿ, “ಚಿನ್ನದಂಥ ಉತ್ತರ ಕಣ್ರೀ! ಯಾರದು?” ಎಂದರು.

“ಹೆಸರು ಕೇಳಲ್ಲ ಅಂತ ಮಾತಾಗಿತ್ತು ಸಾರ್.”

“ಹೇಳಿ ಅಂದೋರು ಯಾರು? ಬಾಯ್ಲರಿನವನದಾ?”

“ಅಲ್ಲ.”

“ಇಸ್ತ್ರಿ ತಾತಂದು?”

“ಅಯ್ಯೋ, ಅವರಿಗೆ ತಂಗೀನೇ ಇಲ್ಲ ಸಾರ್.”

“ಕೊಳೆಕೋಣೆ ಅಕ್ಕಂದು?”

ಅವನು ತುಟಿ ಬಿಗಿಹಿಡಿದ. ಏನಾದರೂ ಆಗಲಿ, ಹೇಳಬಾರದು. ಮ್ಯಾನೇಜರ ಮುಖದ ಮೇಲೆ ನಗು ಎಣ್ಣೆಯಂತೆ ಹರಡಿದಾಗಲೇ ತಾನು ಮಾಡಿದ್ದು ಅವನಿಗೆ ಹೊಳೆದದ್ದು.

“ಕತ್ತು ಹಿಡಿದು ನೂಕಿದ್ರೂ ಈಕೆ ಹೋಗಲ್ಲ. ಜೊತೆಯವಳನ್ನ ಬೇರೆ ಕಡೆ ಹಾಕಿ. ಎರಡಾಳಿನ ಕೆಲಸ ಒಬ್ಬಳೇ ಮಾಡ್ಲಿ. ಗೊಣಗಿದ್ರೆ ಸಂಜೆ ಪಾಳಿ ಅನ್ನಿ, ಸಾಕು.”

ಆ ಆದೇಶವನ್ನು ಟೈಪು ಮಾಡಿದವನು ಅವನೇ.

ಸೋಮವಾರ ಅಕ್ಕನ ಮುಂದೆ ಎರಡು ಗಾಡಿ ಹಾಸು ನಿಂತಿದ್ದವು. ಮೊಣಕೈವರೆಗೂ ಹೊಲಸು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ಕೈಯಿಲ್ಲ.

“ಸಂಜೆ ಪಾಳಿ ಬೆದರಿಕೆ ಬೇರೆ! ನನ್ನ ಮನೆ ಗುಟ್ಟು ಯಾವ ಹಾಳುಬಾಯಿ ಒದರ್ತೋ! ನೀವಂತೂ ಅಲ್ಲ ಬಿಡಿ ಸಾರ್. ಬಾಯಲ್ಲಿ ಬೆರಳಿಟ್ರೂ ಕಚ್ಚೋರಲ್ಲ ನೀವು.”

“ನಾನೇನೂ ಹೇಳಿಲ್ಲ ಅಕ್ಕ,” ಎಂದ.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ಕೋಣೆಯ ಯಾವ ಹಾಸಿನ ಮೇಲೂ ಹುಟ್ಟದ ಹೇಸಿಗೆ ಅವನಿಗೆ ತನ್ನ ನಾಲಿಗೆಯ ಮೇಲೆ ಹುಟ್ಟಿತು. ಅಕ್ಕ ನಂಬಿ ತಲೆಯಾಡಿಸಿ, ಇನ್ನೊಂದು ಹಾಸನ್ನು ಎಳೆದುಕೊಂಡಳು.