ಹೊಳೆಯ ಕತ್ತು

ಮಳೆ ಹಿಡಿದ ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆಲ್ಲ ಹೊಳೆ ಒಡ್ಡಿನ ಅಂಚಿಗೆ ಗೇಣುದ್ದ ಮಾತ್ರ ಬಾಕಿ ಉಳಿಸಿತ್ತು. ಆಚೆ ದಂಡೆಯ ಹದಿನೈದಿಪ್ಪತ್ತು ಗಂಡಸರು ಹಾರೆ, ಗುದ್ದಲಿ ಹಿಡಿದು ಸೇತುವೆ ದಾಟುತ್ತಿರುವುದನ್ನು ಕಿಡಿಯಕ್ಕ ತನ್ನ ವೆಲ್ಡಿಂಗ್ ಶೆಡ್ಡಿನ ಬಾಗಿಲಲ್ಲಿ ನಿಂತು ಕಂಡಳು. ಏಕೆ ಬರುತ್ತಿದ್ದಾರೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈಚೆ ದಂಡೆಯ ಒಡ್ಡು ಒಡೆದರೆ ನೀರು ಈಚೆ ಬೀದಿಗೆ ನುಗ್ಗುತ್ತದೆ, ಹೊಳೆ ಇಳಿಯುತ್ತದೆ, ಆಚೆ ದಂಡೆ ಬದುಕುತ್ತದೆ. ಆರು ವರ್ಷದ ಹಿಂದೆ ಅವರು ಹಾಗೇ ಮಾಡಿದ್ದರು. ಅವತ್ತು ಕಿಡಿಯಕ್ಕನ ಅತ್ತೆ, ಕಾಲು ಬಿದ್ದುಹೋಗಿದ್ದ ಮುದುಕಿ, ಮಂಚದಿಂದ ಏಳಲಾರದೆ ಮಂಚದ ಮೇಲೇ ಮುಳುಗಿ ಸತ್ತಳು.

ಗುಂಪಿನ ಮುಂದೆ ಇದ್ದವನು ಬೇಕರಿಯವನು. ಅವನ ಪಕ್ಕದಲ್ಲಿ ಅವನ ಅಣ್ಣ. ಹಿಂದೆ ಅವನ ಹೆಂಡತಿಯ ತಮ್ಮ. ಆ ತಮ್ಮನನ್ನು ಊರೆಲ್ಲ ಗೂಳಿ ಎಂದೇ ಕರೆಯುತ್ತಿತ್ತು.

ಕಿಡಿಯಕ್ಕ ಎರಡಿಂಚಿನ ಪೈಪೊಂದನ್ನು ಎಳೆದುಕೊಂಡು ಒಡ್ಡು ಹತ್ತಿದಳು. ಅವಳ ಮೈದುನ ಆಗಲೇ ಅಲ್ಲಿದ್ದ. ಅವನನ್ನು ಎಂಟು ವರ್ಷದವನಿದ್ದಾಗಿನಿಂದ ಅವಳೇ ಸಾಕಿದ್ದಳು. ಗಂಡ ಸತ್ತ ಮೇಲೆ ಅವಳ ಪಾಲಿಗೆ ಮನೆ ಅಂತ ಇದ್ದದ್ದು ಅವನೊಬ್ಬನೇ. ಬೀದಿಯ ಇನ್ನೊಂದಿಷ್ಟು ಜನ ಕೈಗೆ ಸಿಕ್ಕಿದ್ದು ಹಿಡಿದು ಓಡಿಬಂದರು.

“ದಾರಿ ಬಿಡಮ್ಮ,” ಎಂದ ಬೇಕರಿಯವನು. “ನಮ್ಮ ಮನೇಲೂ ಮಕ್ಕಳಿದಾರೆ.”

“ನಮ್ಮ ಮನೇಲಿ ಹೆಣ ಇತ್ತು. ಮರ್ತುಹೋಯ್ತಾ?”

ಅವನು ಹಾರೆಯನ್ನು ಮಣ್ಣಿಗೆ ಊರಿದ. ಅವಳು ಪೈಪು ಬೀಸಿದಳು. ಏಟು ಅವನ ಹೆಗಲಿಗೆ ಬಿತ್ತು. ಒಣಗಿದ ಸೌದೆ ಮುರಿದ ಸದ್ದು ಬಂತು. ಆಮೇಲೆ ಯಾರು ಯಾರಿಗೆ ಹೊಡೆದರೋ ದೇವರಿಗೇ ಗೊತ್ತು. ಗೂಳಿ ಹಾರೆಯ ತುದಿಯನ್ನು ಮೈದುನನ ತೊಡೆಗೆ ಚುಚ್ಚಿದ. ಮೈದುನ ಬಿದ್ದಲ್ಲಿಂದಲೇ ಗೂಳಿಯ ಕಾಲು ಹಿಡಿದೆಳೆದ. ಬೇಕರಿಯವನ ಅಣ್ಣನ ಬಾಯಿಂದ ಎರಡು ಹಲ್ಲು ಕೆಸರಿಗೆ ಉದುರಿದವು. ಕಿಡಿಯಕ್ಕನ ಜುಟ್ಟು ಯಾರದೋ ಮುಷ್ಟಿಯಲ್ಲಿತ್ತು, ಅವಳ ಹಲ್ಲು ಯಾರದೋ ಮಣಿಕಟ್ಟಿನಲ್ಲಿತ್ತು. ನಲವತ್ತು ಜನ ನೆನೆದ ಮಣ್ಣಿನ ಮೇಲೆ ತುಳಿದಾಡುತ್ತಿದ್ದರು. ಕಾಲ ಕೆಳಗೆ ಬಿರುಕು ಬಿಡುತ್ತಿದ್ದುದನ್ನು ಒಬ್ಬರೂ ನೋಡಲಿಲ್ಲ.

ಒಡ್ಡನ್ನು ಯಾರೂ ಒಡೆಯಲಿಲ್ಲ. ಅದೇ ಕುಸಿಯಿತು.

ನೀರಿಗೆ ಬಿದ್ದಾಗ ಕಿಡಿಯಕ್ಕನ ಕೈಯಲ್ಲಿ ಬೇಕರಿಯವನ ಕಾಲರು ಇತ್ತು. ಅವಳು ಬಿಡಲಿಲ್ಲ. ಅವನ ತಲೆಯನ್ನು ನೀರಿನಡಿಗೆ ಒತ್ತಿ ಹಿಡಿದಳು. ಅವನು ಅವಳ ಗಂಟಲಿಗೆ ಕೈ ಹಾಕಿದ. ಹಾಗೆ ಒಬ್ಬರನ್ನೊಬ್ಬರು ಕೊಲ್ಲುತ್ತಲೇ ಇಬ್ಬರೂ ತೇಲಿಹೋಗಿ ಸೇತುವೆಯ ಕಂಬದ ಆಚೀಚೆ ಸಿಕ್ಕಿಕೊಂಡರು. ಅತ್ತ ಅವನು, ಇತ್ತ ಅವಳು, ನಡುವೆ ಒಂದು ಅಂಗಿ. ಅವಳು ಬಿಟ್ಟಿದ್ದರೆ ಇಬ್ಬರೂ ಹೋಗುತ್ತಿದ್ದರು. ಮೇಲಿನಿಂದ ಹಗ್ಗ ಬಂತು.

ಮೈದುನನ ಹೆಣ ಮರುದಿನ ಸಿಕ್ಕಿತು. ಬೇಕರಿಯವನ ಅಣ್ಣನದು ನಾಲ್ಕು ದಿನ ಬಿಟ್ಟು. ಒಡ್ಡು ಕುಸಿದ ದಿನ ನೀರು ಒಂದು ದಂಡೆಗೆ ಸಾಲದೆಂಬಂತೆ ಎರಡೂ ಕಡೆ ನುಗ್ಗಿ ಒಟ್ಟು ಏಳು ಜನರನ್ನು ಕೊಂಡುಹೋಗಿತ್ತು. ಕಿಡಿಯಕ್ಕ ಬೇಕರಿಯವನ ಜೀವ ಉಳಿಸಿದಳಂತೆ ಎಂದು ಊರವರು ಆಡಿಕೊಂಡರು. ಕೇಳಿದವರಿಗೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು: “ಉಳಿಸೋಕೆ ಹಿಡ್ಕೊಂಡಿದ್ದಲ್ಲ.”

ತಿಂಗಳೊಳಗೆ ನಗರಸಭೆಯಿಂದ ಒಬ್ಬ ಇಂಜಿನಿಯರಮ್ಮ ಬಂದಳು. ಕಡ್ಡಿಯಂಥ ಹೆಂಗಸು, ಕಂಕುಳಲ್ಲಿ ನಕ್ಷೆಗಳ ಸುರುಳಿ. ಎರಡೂ ದಂಡೆಯವರನ್ನು ಶಾಲೆಯ ಸಭಾಂಗಣದಲ್ಲಿ ಕೂಡಿಸಿದಳು.

“ಮೊದಲು ಒಂದು ತಿಂಗಳು ಬೀಳ್ತಿದ್ದ ಮಳೆ ಈಗ ಮೂರು ದಿನದಲ್ಲಿ ಬೀಳ್ತಿದೆ. ಮುಂದೂ ಹೀಗೇ,” ಎಂದಳು. “ಹೊಳೆ ಅಗಲ ಬೇಕು ಅಂತಿದೆ. ನೀವು ಸೇತುವೆ ಹತ್ರ ಅದರ ಕತ್ತು ಹಿಸುಕಿ ಕೂತಿದೀರಿ. ಆಚೆ ಕಡೆ ಬೇಕರಿಯ ಒಲೆ, ಈಚೆ ಕಡೆ ವೆಲ್ಡಿಂಗ್ ಶೆಡ್ಡು, ಎರಡೂ ಹೊಳೆಯ ಜಾಗದಲ್ಲಿವೆ. ಎರಡೂ ಹೋಗಬೇಕು. ಮೇಲ್ಗಡೆ ಒಂದು ಕಾಲುವೆ ತೋಡಿ ಹೆಚ್ಚಾದ ನೀರನ್ನ ಹಳೇ ಇಟ್ಟಿಗೆ ಗೂಡಿನ ಗುಂಡಿಗಳಿಗೆ ತಿರುಗಿಸಬೇಕು. ಅಗೆಯೋಕೆ ಎರಡೂ ದಂಡೆಯವರು ಬೇಕು.”

“ಕೊಲೆಗಡುಕರ ಜೊತೆ ನಾವು ಗುದ್ದಲಿ ಹಿಡೀಬೇಕಾ?” ಎಂದು ಈಚೆ ಕಡೆಯಿಂದ ಒಬ್ಬ ಕೂಗಿದ.

“ಯಾರೋ ಕೊಲೆಗಡುಕ?” ಎಂದು ಗೂಳಿ ಎದ್ದ.

ಬೆಂಚುಗಳು ಮಗುಚಿದವು. ಹೆಂಗಸರು ಕಿಟಕಿ ಹಾರಿದರು. ಯಾರೋ ಬೆಂಚಿನ ಕಾಲು ಕಿತ್ತು ಎಸೆದರು. ಅದು ಗುರಿ ತಪ್ಪಿ ಇಂಜಿನಿಯರಮ್ಮನ ಹಣೆಗೆ ಬಡಿಯಿತು. ಅವಳು ಕೂತಲ್ಲೇ ಕೂತಳು. ರಕ್ತ ಹುಬ್ಬಿನಿಂದ ಇಳಿದು ನಕ್ಷೆಯ ಮೇಲೆ ತೊಟ್ಟಿಕ್ಕಿತು. ಕರವಸ್ತ್ರವನ್ನು ಮಡಚಿ ಹಣೆಗೆ ಒತ್ತಿಕೊಂಡು, ಗಲಾಟೆ ತಾನಾಗಿ ತಣ್ಣಗಾಗುವವರೆಗೆ ಕಾದಳು.

“ಹೊಡೆದಾಟ ಮುಗೀತಾ? ಹಾಗಿದ್ರೆ ಮುಂದಿನ ಹಾಳೆ ನೋಡೋಣ.”

ಸಭೆಯಲ್ಲಿ ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ಕೈ ಎತ್ತಲಿಲ್ಲ, ನಾಚಿಕೆಯಾಗಿರಬೇಕು.

“ನನ್ನ ಶೆಡ್ಡು ಒಡೀರಿ,” ಎಂದಳು ಕಿಡಿಯಕ್ಕ ಕೊನೆಗೆ. “ಆದ್ರೆ ಮೊದಲು ಇವನ ಒಲೆ ಹೋಗ್ಲಿ.”

“ಮೊದಲು ಅವಳ ಶೆಡ್ಡು,” ಎಂದ ಬೇಕರಿಯವನು. ಅವನ ಹೆಗಲು ಇನ್ನೂ ಪಟ್ಟಿಯಲ್ಲಿತ್ತು.

ಇಂಜಿನಿಯರಮ್ಮ ಇಬ್ಬರ ಮುಖವನ್ನೂ ನೋಡಿದಳು. “ಎರಡೂ ಒಂದೇ ದಿನ. ಅವರ ಒಲೇನ ನೀವು ಒಡೀರಿ. ನಿಮ್ಮ ಶೆಡ್ಡನ್ನ ಅವರ ಕಡೆಯವರು ಒಡೀಲಿ. ಒಡೆಯೋ ಆಸೆ ಇಬ್ಬರಿಗೂ ಇದೆಯಲ್ಲ, ತೀರಿಸ್ಕೊಳ್ಳಿ.”

ಆ ದಿನ ಬಂತು. ಕಿಡಿಯಕ್ಕ ದೊಡ್ಡ ಸುತ್ತಿಗೆ ಹೊತ್ತು ಮೊದಲ ಸಲ ಬೇಕರಿಯೊಳಗೆ ಕಾಲಿಟ್ಟಳು. ಹಿಟ್ಟಿನ ವಾಸನೆ, ಗೋಡೆಗೆ ಒರಗಿಸಿದ ಟ್ರೇಗಳು, ಮೂಲೆಯಲ್ಲಿ ಬೇಕರಿಯವನ ಹೆಂಡತಿ. ಒಲೆ ಒಂದು ಕೋಣೆಯಷ್ಟಿತ್ತು. ಬೇಕರಿಯವನ ಅಪ್ಪ ಕಟ್ಟಿಸಿದ್ದು, ನಲವತ್ತು ವರ್ಷ ಉರಿದದ್ದು. ಹೊಳೆಯಾಚೆಯಿಂದ ತನ್ನ ಶೆಡ್ಡಿನ ತಗಡುಗಳನ್ನು ಕಿತ್ತೆಸೆಯುವ ಸದ್ದು ಅವಳಿಗೆ ಕೇಳುತ್ತಿತ್ತು.

ಮೊದಲ ಏಟು ಅತ್ತೆಗೆ ಎಂದುಕೊಂಡಳು. ಮೂರು ಇಟ್ಟಿಗೆ ಉದುರಿದವು. ಎರಡನೆಯದು ಮೈದುನನಿಗೆ. ಮೂರನೆಯದೂ ಅವನಿಗೇ. ಆಮೇಲೆ ಲೆಕ್ಕ ತಪ್ಪಿತು. ಬಾಯಿಂದ ಬೈಗುಳವೋ ಅಳುವೋ ಗೊತ್ತಾಗದ ಸದ್ದು ಬರುತ್ತಿತ್ತು, ಅಂಗೈಯ ಬೊಬ್ಬೆ ಒಡೆದು ಸುತ್ತಿಗೆಯ ಹಿಡಿ ಜಾರುತ್ತಿತ್ತು. ಒಲೆಯ ಬಾಯೊಳಗೆ ಬಗ್ಗಿ ಸುತ್ತಿಗೆ ಎತ್ತಿದಳು.

“ಅಲ್ಲಿ ಹೊಡೀಬೇಡ!”

ಬೇಕರಿಯವನು ಬಾಗಿಲಲ್ಲಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

“ಅದು ಕಮಾನಿನ ಬುಡ. ಅದನ್ನ ಹೊಡೆದ್ರೆ ಇಡೀ ಕಮಾನು ನಿನ್ನ ತಲೆ ಮೇಲೆ ಕೂರುತ್ತೆ. ಈಚೆ ಬಾ. ಮೇಲಿಂದ ಬಿಡಿಸ್ಕೊಂಡು ಬರಬೇಕು.”

ಕಿಡಿಯಕ್ಕ ಹಿಂದೆ ಸರಿದಳು. ಅವನು ಸುಮ್ಮನಿದ್ದರೆ ಸಾಕಿತ್ತು. ಯಾರೂ ಅವನನ್ನು ದೂರುತ್ತಿರಲಿಲ್ಲ.

“ಯಾಕೆ ಹೇಳಿದೆ?” ಎಂದಳು.

ಅವನು ಮುರಿದ ಹೆಗಲಿನ ಕೈ ಬಿಟ್ಟು ಇನ್ನೊಂದು ಕೈಯಲ್ಲಿ ಹಾರೆ ತೆಗೆದುಕೊಂಡು ಕಮಾನಿನ ನೆತ್ತಿಯ ಇಟ್ಟಿಗೆಯನ್ನು ಮೀಟಿದ. ಮಧ್ಯಾಹ್ನದವರೆಗೆ ಇಬ್ಬರೂ ಸೇರಿ ಆ ಒಲೆಯನ್ನು ನೆಲಸಮ ಮಾಡಿದರು. ಅವನ ಹೆಂಡತಿ ಒಂದು ಚೊಂಬು ನೀರು ತಂದು ಇಬ್ಬರ ನಡುವೆ ಇಟ್ಟು ಹೋದಳು. ಯಾರು ಮೊದಲು ಕುಡಿಯಬೇಕೆಂದು ತಿಳಿಯದೆ ಇಬ್ಬರೂ ಕುಡಿಯಲಿಲ್ಲ.

ಕಾಲುವೆ ತೋಡಲು ಏಳು ತಿಂಗಳು ಹಿಡಿಯಿತು. ವಾರಕ್ಕೊಮ್ಮೆ ಜಗಳ. ಒಮ್ಮೆ ಗುದ್ದಲಿಯೇಟಿಗೆ ಒಬ್ಬನ ಕಿವಿ ಹರಿಯಿತು. ಆದರೂ ಅಗೆತ ನಿಲ್ಲಲಿಲ್ಲ. ಸತ್ತವರ ಏಳು ಮನೆಯವರು ಯಾರಿಗೂ ಗುದ್ದಲಿ ಕೆಳಗಿಡಲು ಬಿಡಲಿಲ್ಲ. ಕಾಲುವೆಯ ಬಾಯಿಗೆ ಉಕ್ಕಿನ ಗೇಟನ್ನು ಕಿಡಿಯಕ್ಕನೇ ಬೆಸೆದಳು. ಅದಕ್ಕೆ ಎರಡು ಚಕ್ರ. ಒಂದು ದಂಡೆಯವರೇ ತಿರುಗಿಸಿದರೆ ಅದು ಏಳುತ್ತಿರಲಿಲ್ಲ. ಎರಡೂ ಕಡೆಯ ಒಬ್ಬೊಬ್ಬರು ಒಟ್ಟಿಗೆ ತಿರುಗಿಸಬೇಕು. ಅದು ಇಂಜಿನಿಯರಮ್ಮನ ಹಟ. ಆಚೆ ದಂಡೆಯಿಂದ ಬೇಕರಿಯವನನ್ನು ಆರಿಸಿದರು, ಈಚೆಯಿಂದ ಕಿಡಿಯಕ್ಕನನ್ನು. ಇಬ್ಬರೂ ಬೇಡವೆಂದರು. ಯಾರೂ ಕೇಳಲಿಲ್ಲ.

ಮುಂದಿನ ಮಳೆಗಾಲದಲ್ಲಿ ಎರಡೇ ದಿನಕ್ಕೆ ಹೊಳೆ ಉಕ್ಕಿತು. ಮಧ್ಯಾಹ್ನ ಇಬ್ಬರೂ ಗೇಟಿನ ಮೇಲೆ ನಿಂತು ಚಕ್ರ ತಿರುಗಿಸತೊಡಗಿದರು. ಗೇಟು ಮೊಣಕಾಲೆತ್ತರ ಎದ್ದು, ತೇಲಿಬಂದ ಮರದ ದಿಮ್ಮಿಯೊಂದು ಅಡ್ಡಬಿದ್ದು ನಿಂತಿತು. ಹೊಳೆ ಏರುತ್ತಲೇ ಇತ್ತು.

ಆಗ ಗೂಳಿ ಹಾರೆ ಹಿಡಿದು ಓಡಿಬಂದ. “ಭಾವಾ, ಇದು ಏಳಲ್ಲ! ನಮ್ಮ ಬೀದಿಗೆ ನೀರು ಬಂತು! ಇವರ ಒಡ್ಡು ಒಡೀತೀನಿ!”

“ಒಡೆದು ನೋಡು,” ಎಂದ ಬೇಕರಿಯವನು. ಚಕ್ರ ಬಿಟ್ಟು ದಾರಿಗೆ ಅಡ್ಡ ನಿಂತ. ಗೂಳಿ ತಳ್ಳಿದ. ಬೇಕರಿಯವನು ಅವನ ದವಡೆಗೆ ಮುಷ್ಟಿಯಿಂದ ಗುದ್ದಿದ. “ಹೋದ ಸಲ ನಿನ್ನ ಮಾತು ಕೇಳಿ ನಮ್ಮಣ್ಣನ್ನ ಹೂತೆ ಕಣೋ!”

ಗೂಳಿ ಕಣ್ಣಿಗೆ ಕತ್ತಲೆ ಕವಿದವನಂತೆ ಹಾರೆ ಬೀಸಿದ. ಬೇಕರಿಯವನ ಬಲಗೈ ಆಗಷ್ಟೇ ಚಕ್ರಕ್ಕೆ ಮರಳಿತ್ತು. ಹಾರೆ ಬೆರಳುಗಳ ಮೇಲೇ ಬಿತ್ತು. ಉಕ್ಕಿಗೂ ಉಕ್ಕಿಗೂ ನಡುವೆ ಎರಡು ಬೆರಳು ಜಜ್ಜಿ ಹೋದವು. ಅವನು ಕಿರುಚಿದ್ದು ಹೊಳೆಯ ಸದ್ದನ್ನೂ ಮೀರಿತು.

ಕಿಡಿಯಕ್ಕನ ಕೈ ತಾನಾಗಿ ಚಕ್ರದ ನಟ್ಟು ಬಿಗಿಯುವ ಪಾನಾ ಹಿಡಿಯಿತು. ಗೂಳಿಯ ತಲೆ ಎರಡು ಮಾರು ದೂರದಲ್ಲಿತ್ತು. ಮೈದುನನ ತೊಡೆಗೆ ಚುಚ್ಚಿದ್ದು ಇದೇ ಕೈ. ಒಂದು ಏಟು ಸಾಕಿತ್ತು. ಗೂಳಿ ಹಾರೆ ಬಿಟ್ಟು ಕೆಸರಿನಲ್ಲಿ ಕೂತು, “ಭಾವಾ, ಭಾವಾ” ಎಂದು ಗೋಳಾಡುತ್ತಿದ್ದ.

“ಅಳೋದು ಆಮೇಲೆ ಅಳು, ನಾಯಿ!” ಬೇಕರಿಯವನು ರಕ್ತದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಅರಚಿದ. “ಚಕ್ರ ಹಿಡಿ!”

ಗೂಳಿ ತಡವರಿಸುತ್ತ ಎದ್ದು ಚಕ್ರ ಹಿಡಿದ. ಅವನ ಬೆನ್ನು ಈಗ ಕಿಡಿಯಕ್ಕನ ಕಡೆಗಿತ್ತು. ಕಿಡಿಯಕ್ಕ ಪಾನಾವನ್ನು ಒಂದು ಕ್ಷಣ ಹಾಗೇ ಹಿಡಿದಿದ್ದಳು. ಆಮೇಲೆ ಅದನ್ನು ಸೊಂಟಕ್ಕೆ ಸಿಕ್ಕಿಸಿ, ಗೇಟಿನ ಮೇಲಿದ್ದ ಹಗ್ಗವನ್ನು ನಡುವಿಗೆ ಕಟ್ಟಿಕೊಂಡು, ಗೂಳಿಯ ಹಾರೆಯನ್ನೇ ಎತ್ತಿಕೊಂಡು, ಏಣಿ ಇಳಿದು ಎದೆಮಟ್ಟದ ನೀರಿಗೆ ಕಾಲಿಟ್ಟಳು.

“ನನ್ನ ಹಗ್ಗ ಹಿಡ್ಕೋ,” ಎಂದಳು ಬೇಕರಿಯವನಿಗೆ. “ಬಿಟ್ರೆ ನಾನು ಸತ್ತೆ.”

“ಗೊತ್ತು.”

ಅವನು ಎಡಗೈಗೆ ಹಗ್ಗ ಸುತ್ತಿಕೊಂಡು ಕಂಬಕ್ಕೆ ಒರಗಿ ಕೂತ. ಅವಳು ನೀರಿನಲ್ಲಿ ಬಡಿದಾಡಿದಳು. ದಿಮ್ಮಿ ಎರಡು ಸಲ ಅವಳ ಪಕ್ಕೆಗೆ ಗುದ್ದಿತು. ಎರಡನೆಯ ಸಲ ಒಳಗೆ ಏನೋ ಮುರಿದದ್ದು ಗೊತ್ತಾಯಿತು. ಮೂರನೆಯ ಮೀಟಿಗೆ ಅದು ಹೊರಳಿತು. ಅವಳು ಅರೆಜೀವವಾಗಿ ಮೇಲೆ ಬಂದು ತನ್ನ ಚಕ್ರ ಹಿಡಿದಳು. ಇತ್ತ ಅವಳು, ಅತ್ತ ಗೂಳಿ. “ತಿರುಗಿಸು” ಎಂದಳು. ಅವನಿಗೆ ಅವಳು ಆಡಿದ ಮೊದಲ ಮಾತು ಅದು. ಗೇಟು ಕಿರುಗುಟ್ಟುತ್ತ ಎದ್ದಿತು. ನೀರು ಬೊಬ್ಬೆ ಹಾಕುತ್ತ ಕಾಲುವೆಗೆ ನುಗ್ಗಿ ಇಟ್ಟಿಗೆ ಗೂಡಿನ ಗುಂಡಿಗಳ ಕಡೆ ಓಡಿತು. ಅರ್ಧ ಗಂಟೆಯಲ್ಲಿ ಸೇತುವೆಯ ಬಳಿ ಹೊಳೆ ಒಂದು ಮೊಳ ಇಳಿಯಿತು.

ಎರಡೂ ಬೀದಿಗಳಲ್ಲಿ ಮೊಣಕಾಲುದ್ದ ನೀರು ನಿಂತಿತು. ಯಾರೂ ಸಾಯಲಿಲ್ಲ.

ಆಸ್ಪತ್ರೆಯಲ್ಲಿ ಬೇಕರಿಯವನ ಎರಡು ಬೆರಳು ತೆಗೆದರು. ಪಕ್ಕೆಗೆ ಪಟ್ಟಿ ಸುತ್ತಿಸಿಕೊಂಡ ಕಿಡಿಯಕ್ಕ ಮೂರನೆಯ ದಿನ ಅವನ ಮಂಚದ ಬಳಿ ಹೋದಳು. ಕುರ್ಚಿಯಿದ್ದರೂ ಕೂರಲಿಲ್ಲ.

“ನಿನ್ನ ಮೈದುನಂದು...” ಎಂದು ಅವನು ಶುರುಮಾಡಿದ.

“ಬೇಡ. ಆ ಮಾತು ಎತ್ತಬೇಡ. ಅದಕ್ಕೆ ನಿನ್ನ ಹತ್ರ ಉತ್ತರ ಇಲ್ಲ, ಕ್ಷಮಿಸೋಕೆ ನನ್ನ ಹತ್ರ ಮನಸ್ಸಿಲ್ಲ.”

ಅವನು ತಲೆಯಾಡಿಸಿದ.

“ಹಿಟ್ಟು ನಾದೋಕಾಗುತ್ತಾ?” ಎಂದಳು.

“ಎಡಗೈ ಇದೆಯಲ್ಲ. ಹೊಸ ಒಲೆ ಬೀದಿಯ ಆ ತುದೀಲಿ ಕಟ್ಟಿಸ್ತಿದೀನಿ. ಬಾಗಿಲಿಗೆ ಕಬ್ಬಿಣದ ಚೌಕಟ್ಟು ಬೇಕು.”

“ಅಳತೆ ಹೇಳು,” ಎಂದಳು ಕಿಡಿಯಕ್ಕ, ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು ಹಾಸಿಗೆಯ ಪಕ್ಕದ ಗೋಡೆಯ ಮೇಲೇ ಬರೆದುಕೊಳ್ಳುತ್ತ. ನರ್ಸು ಬೈದಳು. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.